ಹುಟ್ಟೂರಲ್ಲಿ ಒಂದು ದಿನದ ಪರದೇಶಿ

ತಹಾಮಿಯ ಗ್ರಹಚಾರ ಕೆಟ್ಟದ್ದು ಒಂದು ಟವೆಲಿನಿಂದ. ಬಿಳಿ ಟವೆಲು, ಅಂಚಿಗೆ ನೀಲಿ ಗೆರೆ. ಫೆಸ್ ಊರಿನ ಹಳೇ ಕೋಟೆಯೊಳಗೆ ಅಂಥ ಟವೆಲು ಇಲ್ಲದ ಮನೆಯೇ ಇಲ್ಲ. ಆ ಶುಕ್ರವಾರ ಬೆಳಿಗ್ಗೆ ಹಮ್ಮಾಮಿನಲ್ಲಿ, ಅಂದರೆ ಊರವರ ಹಬೆಸ್ನಾನದ ಮನೆಯಲ್ಲಿ, ಅಂಥ ಟವೆಲಿನಲ್ಲಿ ಕಟ್ಟಿದ ಎರಡು ಬಟ್ಟೆಗಂಟು ಗೂಡಿನಲ್ಲಿ ಅಕ್ಕಪಕ್ಕ ಕೂತದ್ದೇ ತಪ್ಪಾಯಿತು.

ತಹಾಮಿ ಚಡಾವು, ಅಂದರೆ ಚರ್ಮದ ಮೆಟ್ಟು, ಹೊಲಿಯುವವನು. ವಯಸ್ಸು ನಲವತ್ತು ದಾಟಿತ್ತು, ಮದುವೆ ಮಾತ್ರ ಆಗಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ತನ್ನವಳು ಅಂತ ಉಳಿದಿದ್ದವಳು ಚಿಕ್ಕಮ್ಮ ಕೆನ್ಜಾ ಒಬ್ಬಳೇ. ಆಕೆ ಹೆಂಗಸರ ಹಮ್ಮಾಮಿನಲ್ಲಿ ಯಾರದೋ ಬೆನ್ನು ಉಜ್ಜಿಕೊಡುತ್ತಾ, ಆ ಬೆನ್ನಿನ ಒಡತಿಗೆ ಮದುವೆಗೆ ನಿಂತ ಮಗಳೊಬ್ಬಳಿದ್ದಾಳೆ ಅಂತ ಪತ್ತೆ ಹಚ್ಚಿದ್ದಳು. ನಮ್ಮೂರಲ್ಲಿ ಸಂಬಂಧಗಳು ಕುದುರುವುದೇ ಹಾಗೆ, ಹಬೆಯ ನಡುವೆ. ಹುಡುಗಿಯ ಹೆಸರು ಬತೂಲ್. ಅವಳಪ್ಪ ಹಾಜಿ ಸೆಲ್ಲಾಮರು ಹಿತ್ತಾಳೆ ತಟ್ಟೆಗಳ ಹಳೇ ವ್ಯಾಪಾರಿ. ಎಷ್ಟೋ ಗಂಡುಗಳನ್ನು ಬಾಗಿಲಿಂದಲೇ ವಾಪಸು ಕಳಿಸಿದ ಘಟ.

"ಶುಕ್ರವಾರ ನಮಾಜ್ ಮುಗಿಸ್ಕೊಂಡು ಕುಸ್ಕುಸ್ ಊಟಕ್ಕೆ ಬರಲಿ" ಅಂತ ಹಾಜಿಯವರು ಹೇಳಿ ಕಳಿಸಿದ್ದರು. "ನಾನೇನೂ ಜಾಸ್ತಿ ಕೇಳಲ್ಲ. ಹೊತ್ತಿಗೆ ಸರಿಯಾಗಿ ಬರಬೇಕು, ಮೈತುಂಬ ಬಟ್ಟೆ ಹಾಕ್ಕೊಂಡು ಬರಬೇಕು. ಮನೆ ಅಳಿಯನ್ನ ನೋಡಿ ಬೀದಿಯವರು ನಗಬಾರದು, ಅಷ್ಟೆ."

ಅದಕ್ಕೇ ತಹಾಮಿ ಹೊಸದಾಗಿ ಹೊಲಿಸಿದ ಕೆನೆಬಣ್ಣದ ಉದ್ದ ನಿಲುವಂಗಿ, ಜೆಲ್ಲಾಬ, ಹಾಕಿಕೊಂಡು ಹಮ್ಮಾಮಿಗೆ ಹೋದ. ಮೈಕೈ ಉಜ್ಜಿಸಿಕೊಂಡು ತೊಳೆದ ಮೂಲಂಗಿಯ ಹಾಗೆ ಹೊರಗೆ ಬಂದ. ಬಟ್ಟೆ ಕಾಯುವ ಅಲ್ಲಾಲ್ ಮುದುಕ ಗೂಡಿನಿಂದ ಗಂಟು ತೆಗೆದುಕೊಟ್ಟ. ತಹಾಮಿ ಬಿಚ್ಚಿ ನೋಡುತ್ತಾನೆ, ಗಿಳಿಗಳ ಚಿತ್ರವಿರುವ ಒಂದು ಅಂಗಿ, ಮಂಡಿ ಮುಟ್ಟದ ಒಂದು ಚಡ್ಡಿ, ಹುಲ್ಲಿನ ಟೋಪಿ, ಕಪ್ಪು ಕನ್ನಡಕ.

"ಅಲ್ಲಾಲಜ್ಜ, ಇದೇನಿದು?"

"ನಿನ್ನ ಬಟ್ಟೆ."

"ನನ್ನ ಬಟ್ಟೇಲಿ ಗಿಳಿ ಎಲ್ಲಿತ್ತಜ್ಜ?"

ಮುದುಕ ಗಿಳಿಗಳನ್ನು ದಿಟ್ಟಿಸಿ ನೋಡಿದ. ಅವನ ಮುಖ ನಿಧಾನವಾಗಿ ಇಳಿಯಿತು. "ಅಯ್ಯೋ ದೇವರೇ! ಈಗ ತಾನೇ ಒಬ್ಬ ಪರದೇಶದವನು ಹೋದ ಕಣೋ. ನಿನ್ನ ಹಾಗೇ ಕೆಂಪು ಕೂದಲು, ನೀಲಿ ಕಣ್ಣು. ಜೆಲ್ಲಾಬ ಕೊಟ್ಟೆ. ಪಾಪ, ಎಷ್ಟು ಖುಷಿಪಟ್ಟ ಗೊತ್ತಾ? ಸ್ನಾನದ ಜೊತೆಗೆ ನಾವೇ ಉಡುಗೊರೆ ಕೊಡ್ತೀವಿ ಅಂದ್ಕೊಂಡ. ಎದೆ ಮೇಲೆ ಕೈಯಿಟ್ಟು ನಂಗೆ ನಮಸ್ಕಾರ ಮಾಡಿ ಹೋದ."

"ನನ್ನ ಜೆಲ್ಲಾಬ ಹಾಕ್ಕೊಂಡು!"

"ಚೆನ್ನಾಗಿ ಒಪ್ತಿತ್ತು" ಅಂದ ಅಲ್ಲಾಲ್, ಸಮಾಧಾನ ಹೇಳುವವನ ಹಾಗೆ.

ಬೇರೆ ಬಟ್ಟೆ ಅಂತ ಅಲ್ಲಿದ್ದದ್ದು ಒದ್ದೆ ಪಂಚೆ ಒಂದೇ. ಅದಕ್ಕಿಂತ ಚಡ್ಡಿಯೇ ವಾಸಿ. ಮನೆ ಇರುವುದು ಹೊಳೆಯ ಆಚೆ ದಂಡೆಯಲ್ಲಿ. ತಲೆ ತಗ್ಗಿಸಿಕೊಂಡು ಸಂದಿಗೊಂದಿಯಲ್ಲಿ ಓಡಿದರೆ ಬೇಗ ಮುಟ್ಟಬಹುದು. ಯಾರಾದರೂ ಗುರುತಿನವರ ಬಳಿ ಬಟ್ಟೆ ಕೇಳೋಣವೆಂದರೆ, ಚಡಾವಿನ ತಹಾಮಿ ಮಂಡಿ ತೋರಿಸಿಕೊಂಡು ಬೀದಿ ಸುತ್ತುತ್ತಿದ್ದ ಅನ್ನುವ ಸುದ್ದಿ ಅವನಿಗಿಂತ ಮೊದಲೇ ಹಾಜಿ ಸೆಲ್ಲಾಮರ ಮನೆ ಸೇರುತ್ತದೆ. ಟೋಪಿಯನ್ನು ಹುಬ್ಬಿನವರೆಗೂ ಎಳೆದ, ಕನ್ನಡಕ ಏರಿಸಿದ, ಹೊರಬಿದ್ದ.

ಬೀದಿಯ ತಿರುವಿನಲ್ಲೇ ಗೈಡ್ ಹಮಿದು ಹಿಡಿದ. ಊರಿನ ಯಾವ ಪ್ರವಾಸಿಯೂ ಹಮಿದುವಿನ ಕಣ್ಣು ತಪ್ಪಿಸಿ ಹೋದದ್ದಿಲ್ಲ.

"ಸಾರ್! ಆ ಕಡೆ ದಾರಿ ಇಲ್ಲ ಸಾರ್. ಮುಚ್ಚಿದಾರೆ."

"ಹೋಗಯ್ಯಾ, ಯಾವಾಗ ಮುಚ್ಚಿದ್ರು? ನಾನು ಹುಟ್ಟಿದಾಗಿಂದ ಇದೇ ದಾರೀಲಿ ಓಡಾಡ್ತಿದೀನಿ!"

ಹಮಿದು ಎರಡೂ ಕೈ ಮೇಲೆತ್ತಿದ. "ಆಹಾ! ಎಷ್ಟು ಚೆನ್ನಾಗಿ ಮಾತಾಡ್ತೀರಿ ಸಾರ್ ನಮ್ಮ ಭಾಷೇನ! ಏ, ಬನ್ರೋ ಇಲ್ಲಿ, ಕೇಳ್ರೋ ಇವರ ಮಾತು!"

ಜನ ಸೇರಿದರು. ಸೊಪ್ಪಿನವನು ಬಂದ, ಹತ್ತಿರದ ರೊಟ್ಟಿ ಒಲೆಯವನು ಕೈಹಿಟ್ಟು ಒರೆಸಿಕೊಳ್ಳುತ್ತಾ ಬಂದ. ತಹಾಮಿ ಸಿಟ್ಟಿನಿಂದ ಬೈದ. ಬೈದಷ್ಟೂ ಅವರಿಗೆ ಆನಂದ. "ಬೈಗುಳಾನೂ ಕಲಿತಿದಾರಲ್ಲಪ್ಪ! ಅದೂ ನಮ್ಮ ಬೀದಿ ಬೈಗುಳ!" ಅಂತ ಸೊಪ್ಪಿನವನು ಮೆಚ್ಚಿ ತಲೆದೂಗಿದ.

ಬೈಗುಳದಿಂದಾದರೂ ತಪ್ಪಿಸಿಕೊಳ್ಳುತ್ತಿದ್ದನೇನೋ. ಅಷ್ಟರಲ್ಲಿ ಎದುರಿನಿಂದ ಪಕ್ಕದಂಗಡಿಯ ಚಡಾವಿನವನು, ಊರಿಗೆಲ್ಲ ಸುದ್ದಿ ಹಂಚುವ ಜಿಲಾಲಿ ಬರುವುದು ಕಂಡಿತು. ತಹಾಮಿ ಟೋಪಿಯನ್ನು ಇನ್ನೂ ಕೆಳಗೆ ಎಳೆದುಕೊಂಡ. ಈಗ ಫೆಸ್ ಊರಿನವನಾಗಿ ಉಳಿದರೆ ಮಾನ ಹೋಯಿತು. ತಟ್ಟನೆ ಹಮಿದುವಿನ ತೋಳು ಹಿಡಿದುಕೊಂಡು, "ಬೋಂಜೂರ್, ಬೋಂಜೂರ್" ಅಂತ ಫ್ರೆಂಚಿನಲ್ಲಿ ನಮಸ್ಕಾರ ಹೇಳುತ್ತಾ ಅವನು ಎಳೆದ ಕಡೆಗೆ ನಡೆದುಬಿಟ್ಟ.

ಹಮಿದು ಎಳೆದದ್ದು ಚರ್ಮ ಹದ ಮಾಡುವ ಕೇರಿಗೆ. ಅಲ್ಲಿನ ಒಂದು ಚರ್ಮದಂಗಡಿಯ ಮಹಡಿ ಹತ್ತಿಸಿ, ವಾಸನೆ ತಡೆಯಲೆಂದು ಮೂಗಿನ ಹತ್ತಿರ ಪುದೀನ ಕಡ್ಡಿ ಹಿಡಿಸಿದರು. ತಹಾಮಿ ಬದುಕಿನುದ್ದಕ್ಕೂ ಚರ್ಮ ತರುತ್ತಿದ್ದದ್ದು ಇದೇ ಗುಂಡಿಗಳಿಂದ. ಆ ವಾಸನೆ ಅವನ ಮಟ್ಟಿಗೆ ಅನ್ನದ ವಾಸನೆ. ಈಗ ಅಂಗಡಿಯವನು ಅವನನ್ನು ಕುಶನ್ನಿನ ಮೇಲೆ ಕೂರಿಸಿ ಚರ್ಮ ಅಂದರೇನು ಅಂತ ಪಾಠ ಹೇಳತೊಡಗಿದ. ಆಮೇಲೆ ಹಳದಿ ಚಡಾವಿನ ಒಂದು ಜೋಡಿ ತಂದು ತೊಡೆಯ ಮೇಲಿಟ್ಟ.

"ನಮ್ಮಜ್ಜ ಹೊಲಿದಿದ್ದು ಸಾರ್. ಕಣ್ಣು ಹೋಗೋ ತನಕ ಹೊಲಿದ್ರು. ಇದೇ ಕೊನೇ ಜೋಡಿ."

ತಹಾಮಿ ತಿರುಗಿಸಿ ನೋಡಿದ. ಹಿಮ್ಮಡಿಯ ಹತ್ತಿರ ದಾರವನ್ನು ಎರಡು ಸಲ ಮಡಚಿ ಒಳಗೆ ಹುದುಗಿಸುವುದು ಊರಿನಲ್ಲಿ ಅವನೊಬ್ಬನೇ. ಹೋದ ವಾರ ತಾನೇ ಕೊಟ್ಟ ಮಾಲು.

"ಇದು ನನ್ನ ಹೊಲಿಗೆ ಕಣಯ್ಯಾ!"

"ನಿಮಗೇ ಅಂತ ಹೊಲಿದ ಹಾಗಿದೆ ಅಂತೀರಿ. ಹೌದು ಸಾರ್, ಹಾಕ್ಕೊಂಡು ನೋಡಿ, ನಿಮ್ಮ ಕಾಲಿಗೇ ಹುಟ್ಟಿದ್ದು ಇದು!"

ಅವನು ಹೇಳಿದ ಬೆಲೆ ಕೇಳಿ ತಹಾಮಿಗೆ ತಲೆ ತಿರುಗಿತು. ತನಗೆ ಕೊಟ್ಟಿದ್ದ ಕೂಲಿ ನೆನಪಾಗಿ ಅವನನ್ನು ಕತ್ತು ಹಿಸುಕಿಬಿಡೋಣ ಅನ್ನಿಸಿತು. ಆದರೆ ಅಷ್ಟರಲ್ಲಿ ಅವನೇ ಒಂದು ಲೋಟ ಪುದೀನ ಚಹಾ ತಂದು ಕೈಗೆ ಕೊಟ್ಟ. "ತಗೊಳೋದು ಬಿಡೋದು ನಿಮ್ಮಿಷ್ಟ. ಸುಸ್ತಾಗಿದೀರಿ, ಮೊದಲು ಇದು ಕುಡೀರಿ. ಬಿಸಿಲಲ್ಲಿ ತಿರುಗಿ ಮುಖ ಕೆಂಪಾಗಿದೆ" ಅಂದ. ಅವನ ಹೆಂಡತಿ ಒಳಗಿನಿಂದ ಬಿಸಿ ರೊಟ್ಟಿ, ಎಣ್ಣೆ, ಆಲಿವ್ ಕಳಿಸಿದಳು. ಹಮಿದು ಒಂದು ಹಳೇ ರಟ್ಟು ಹಿಡಿದು ಬೀಸಿದ.

ತಹಾಮಿಗೆ ಸಿಟ್ಟು ಮಾಡಲಾಗಲಿಲ್ಲ. ಈ ಅಂಗಡಿಯ ಬಾಗಿಲಿಗೆ ಎಷ್ಟು ವರ್ಷದಿಂದ ಮೂಟೆ ಹೊತ್ತುಕೊಂಡು ಬಂದಿದ್ದಾನೆ! ಸುಸ್ತಾಯಿತಾ ಅಂತ ಒಬ್ಬರಾದರೂ ಕೇಳಿದ್ದರೇ? ಈಗ ಯಾರೋ ಗೊತ್ತಿಲ್ಲದವನು ಅಂದುಕೊಂಡು ಹೀಗೆ ಬೀಸುತ್ತಿದ್ದಾರೆ, ಉಣಿಸುತ್ತಿದ್ದಾರೆ. ತನ್ನ ಊರು ಇಷ್ಟು ಒಳ್ಳೆಯದು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಕಪ್ಪು ಕನ್ನಡಕದ ಹಿಂದೆ ಕಣ್ಣು ಒದ್ದೆಯಾಯಿತು. "ದೇವರು ನಿಮಗೆ ಒಳ್ಳೇದು ಮಾಡಲಿ, ದೊಡ್ಡ ಉಪಕಾರ ಆಯ್ತು" ಅಂದ, ನಿಜವಾಗಿಯೂ ಮನಸ್ಸಿನಿಂದ.

"ಎಷ್ಟು ಸ್ಪಷ್ಟವಾಗಿ ಅಂದ್ರು ನೋಡು!" ಅಂದ ಅಂಗಡಿಯವನು ಹಮಿದುಗೆ.

ಅಷ್ಟರಲ್ಲಿ ಮಧ್ಯಾಹ್ನದ ಬಾಂಗು ಕೇಳಿತು. ಅಂಗಡಿಗಳ ಬಾಗಿಲು ಧಡಧಡ ಮುಚ್ಚಿದವು. ಹಮಿದುವೂ, "ಇಲ್ಲೇ ಇರಿ ಸಾರ್, ನಮಾಜ್ ಮುಗಿಸಿ ಬರ್ತೀನಿ" ಅಂತ ಓಡಿದ. ತಹಾಮಿ ಹಿಂದೆಯೇ ಓಡಿದ. ಮಸೀದಿಯಲ್ಲಿ ಗುಟ್ಟು ಬಿಡದ ಗುರುತಿನವರು ಯಾರಾದರೂ ಸಿಕ್ಕರೆ ಒಂದು ಹೊದಿಕೆ ಕೇಳೋಣ ಅಂತ ಅವನ ಲೆಕ್ಕ. ಬಾಗಿಲಲ್ಲಿ ಕಾವಲಿನವನು ಅಡ್ಡ ಬಂದ.

"ಮುಸಲ್ಮಾನರಿಗೆ ಮಾತ್ರ ಸಾರ್."

"ಅಯ್ಯೋ, ನಾನೂ..."

"ಗೊತ್ತು ಸಾರ್, ನಿಮ್ಮ ಮನಸ್ಸು ದೊಡ್ಡದು. ಇಲ್ಲಿಂದಲೇ ನೋಡಿ. ಒಳಗಿನ ನೀರಿನ ಕಾರಂಜಿ ಕಾಣುತ್ತೆ." ಅವನು ಮೃದುವಾಗಿ ತಹಾಮಿಯ ಹೆಗಲು ಹಿಡಿದು, ಚೆನ್ನಾಗಿ ಕಾಣುವ ಜಾಗಕ್ಕೆ ಸರಿಸಿ ನಿಲ್ಲಿಸಿದ. ತಹಾಮಿ ತನ್ನ ಬರಿ ಮಂಡಿಗಳನ್ನು ನೋಡಿಕೊಂಡ. ಈ ಅವತಾರದಲ್ಲಿ ನಮಾಜಿಗೆ ನಿಲ್ಲುವ ಹಾಗಿಲ್ಲ ಅಂತ ಅವನಿಗೂ ಗೊತ್ತು. ಕಾವಲಿನವನಿಗೂ ಒಂದು ಸಲಾಮು ಹೇಳಿ ಹಿಂದಿರುಗಿದ.

ನಮಾಜ್ ಮುಗಿಯುವಷ್ಟರಲ್ಲಿ ಹೊಳೆ ದಾಟಿಬಿಡಬೇಕು ಅಂತ ಓಟ ಕಿತ್ತ. ಸಂದಿಯಲ್ಲಿ ಹೇಸರಗತ್ತೆಗಳ ಸಾಲು ಸಿಲಿಂಡರು ಹೊತ್ತು ಎದುರಾಯಿತು. ಹಿಂದೆ ಸರಿದು ಇನ್ನೊಂದು ಓಣಿ ಹಿಡಿದ. ಅಲ್ಲೊಬ್ಬಳು ಮುದುಕಿ ಕಿಟಕಿಯಿಂದ, "ಅಯ್ಯೋ ಪಾಪ, ದಾರಿ ತಪ್ಪಿದೆ! ಎಡಕ್ಕೆ ಹೋಗು ಮಗನೇ, ಎಡಕ್ಕೆ!" ಅಂತ ಕೂಗಿದಳು. ಎಡಕ್ಕೆ ಹೋದರೆ ಮತ್ತೆ ಹೊರಟ ಜಾಗಕ್ಕೇ ಬರುತ್ತೇನೆ ಅಂತ ಗೊತ್ತಿದ್ದರೂ, ಆಕೆ ನೋಡುತ್ತಾ ನಿಂತಿದ್ದಳಲ್ಲ, ಮುದುಕಿಯ ಮನಸ್ಸು ನೋಯಿಸುವುದು ಹೇಗೆ? ಎಡಕ್ಕೇ ಹೋದ. ಹೀಗೆ ಒಂದಷ್ಟು ಜನರ ಉಪಕಾರ ಹೊತ್ತುಕೊಂಡು ಸುತ್ತುವಷ್ಟರಲ್ಲಿ ನಮಾಜೂ ಮುಗಿಯಿತು, ಜನ ಮನೆಮನೆ ಸೇರಿಕೊಂಡರು, ಓಣಿಯ ತುಂಬ ಕುಸ್ಕುಸ್ಸಿನ ಘಮ ಹರಡಿತು.

ಬಾಯಾರಿ ಒಂದು ಗೋಡೆಗೆ ಒರಗಿ ನಿಂತ. ಪಕ್ಕದ ಬಾಗಿಲಲ್ಲಿ ಬಿಳಿಗಡ್ಡದ ಯಜಮಾನರೊಬ್ಬರು ಯಾರನ್ನೋ ಕಾಯುತ್ತಾ ನಿಂತಿದ್ದರು. ಅವರು ಬಂದವರೇ ತಹಾಮಿಯ ಮಣಿಕಟ್ಟು ಹಿಡಿದರು.

"ಶುಕ್ರವಾರ ನನ್ನ ಬಾಗಿಲಲ್ಲಿ ಹಸಿದವನು ನಿಲ್ಲೋದಾ? ಒಳಗೆ ಬನ್ನಿ."

"ಬೇಡ, ಬೇಡ..."

"ಬೇಡ ಅನ್ನೋ ಮಾತು ಈ ಮನೇಲಿ ಇಲ್ಲ." ಒಳಗೆ ಎಳೆದೇಬಿಟ್ಟರು.

ಅಂಗಳದ ದಿಂಬಿಗೆ ಒರಗಿಸಿ ಕೂರಿಸಿದ ಮೇಲೆ ಯಜಮಾನರು ಮಹಡಿಯ ಕಡೆ ತಲೆಯೆತ್ತಿ ಕೂಗಿದರು: "ಬತೂಲ್! ಕೈತೊಳೆಯೋಕೆ ನೀರು ಕಳಿಸಮ್ಮ. ಆ ಚಡಾವಿನವನು ಇನ್ನೂ ಬಂದಿಲ್ಲ. ಆದರೆ ದೇವರು ಒಬ್ಬ ಅತಿಥೀನ ಕಳಿಸಿದಾನೆ."

ತಹಾಮಿ ತಟ್ಟನೆ ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದ. ಹಸಿರು ಬಣ್ಣ, ಹಿತ್ತಾಳೆಯ ಬಳೆ. ಚಿಕ್ಕಮ್ಮ ಹೇಳಿದ್ದ ಗುರುತು ಅದೇ. ಬಂದೇನೋ ಬಂದಿದ್ದಾನೆ, ಹೆಣ್ಣು ನೋಡುವ ಮನೆಗೇ ಬಂದಿದ್ದಾನೆ, ಮೈತುಂಬ ಗಿಳಿ ಹಾಕಿಕೊಂಡು, ಮಂಡಿ ಬಿಟ್ಟುಕೊಂಡು! ಈಗ ನಾನೇ ಆ ಚಡಾವಿನವನು ಅಂದರೆ ಸತ್ತಂತೆಯೇ. ಬಾಯಿಗೆ ಬಂದದ್ದು ಅರೆಬರೆ ಮಾತು.

"ನಾನು... ಹೋಗು. ನಾನು... ಹೊಟ್ಟೆ ಇಲ್ಲ."

"ಹೊಟ್ಟೆ ಇಲ್ವಂತೆ!" ಹಾಜಿ ಸೆಲ್ಲಾಮರು ಮನಸಾರೆ ನಕ್ಕರು. "ಇದೆ ಸ್ವಾಮಿ, ತಗೊಂಡು ಬಂದಿದೀರಿ, ತುಂಬಿಸೋದು ನಮ್ಮ ಕೆಲಸ. ನನಗೆ ಕಣ್ಣಿಗೆ ಪೊರೆ ಬಂದಿದೆ, ನಿಮ್ಮ ಮುಖ ಮಂಜು ಮಂಜು. ಟೋಪಿ ಮಾತ್ರ ಕಾಣ್ತಿದೆ. ಒಳ್ಳೇ ಟೋಪಿ."

ದೊಡ್ಡ ಬೋಗುಣಿ ಬಂತು. ಮೇಲೆ ಏಳು ತರಕಾರಿ, ನಡುವೆ ಬೆಣ್ಣೆಯ ಹಾಗೆ ಬೆಂದ ಮಾಂಸ. ಹಾಜಿಯವರು ಮಾಂಸದ ಅತಿ ಒಳ್ಳೆಯ ತುಂಡನ್ನು ಬೆರಳಿನಿಂದ ತಹಾಮಿಯ ಮುಂದಕ್ಕೆ ತಳ್ಳಿದರು. "ಇದು ಆ ಅಳಿಯನಾಗೋನಿಗೆ ಅಂತ ಎತ್ತಿಟ್ಟಿದ್ದು. ಅವನಿಗೆ ಯೋಗ ಇಲ್ಲ. ನೀವು ತಿನ್ನಿ."

ತಹಾಮಿ ತನ್ನ ಪಾಲಿನ ಮಾಂಸವನ್ನು ತಾನೇ ಕದ್ದು ತಿನ್ನುವವನ ಹಾಗೆ ತಿಂದ.

ಮಹಡಿಯ ಜಾಲರಿಯ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು. ತುಂಟತನವೂ ಇತ್ತು, ಮರುಕವೂ ಇತ್ತು. "ಅಪ್ಪಾ, ಅವರನ್ನ ಕೇಳು. ಇಷ್ಟು ದೂರ ಬಂದು ತಿರುಗ್ತಿದಾರಲ್ಲ, ಮನೇಲಿ ಅಮ್ಮ ಕಾಯ್ತಿರಲ್ವಾ?"

ಅರೆಬರೆ ಭಾಷೆಯ ನಾಟಕ ತಹಾಮಿಗೆ ಆ ಕ್ಷಣಕ್ಕೆ ಮರೆತೇ ಹೋಯಿತು. "ಅಮ್ಮ ಇಲ್ಲ" ಅಂದ ಮೆಲ್ಲಗೆ. "ಕಾಯೋರು ಯಾರೂ ಇಲ್ಲ."

ಮೇಲಿನಿಂದ ಮತ್ತೆ ಅದೇ ದನಿ, ಈಗ ತುಂಟತನವಿಲ್ಲದೆ: "ಅಮ್ಮಾ, ಅವರಿಗೆ ಇನ್ನೊಂದು ಸೌಟು ಸಾರು ಹಾಕಿಸು. ಮಜ್ಜಿಗೇನೂ ಕೊಡು."

ಆ ದನಿಗೋಸ್ಕರ ತಹಾಮಿ ಇನ್ನೊಂದು ಬೋಗುಣಿ ತಿನ್ನಲೂ ತಯಾರಿದ್ದ. ಇಷ್ಟು ದಿನ ಈ ಸಂಬಂಧ ಚಿಕ್ಕಮ್ಮನ ಹಟ ಅಂದುಕೊಂಡಿದ್ದ. ಈಗ, ಇವಳು ಸಿಕ್ಕದಿದ್ದರೆ ಬದುಕಿ ಪ್ರಯೋಜನವಿಲ್ಲ ಅನ್ನಿಸಿಬಿಟ್ಟಿತು.

ಊಟ ಮುಗಿದ ಮೇಲೆ ಹಾಜಿಯವರು ಅಂಗೈ ಎತ್ತಿ ಪ್ರಾರ್ಥನೆ ಶುರುಮಾಡಿದರು. ವಯಸ್ಸಾದ ನೆನಪು, ನಡುವೆ ತಡವರಿಸಿದರು. ತಹಾಮಿ ಅಭ್ಯಾಸಬಲದಿಂದ ಮುಂದಿನ ಸಾಲು ಎತ್ತಿಕೊಂಡ. ಅನ್ನವಿಟ್ಟವರಿಗೆ, ಅಟ್ಟವರಿಗೆ, ಮನೆಯ ಹೆಣ್ಣುಮಕ್ಕಳಿಗೆ, ಸತ್ತ ಹಿರಿಯರಿಗೆ ಎಲ್ಲರಿಗೂ ಒಳಿತು ಕೋರಿ ಕೊನೆಯವರೆಗೂ ಹೇಳಿದ. ಹೃದಯ ತುಂಬಿದ್ದರಿಂದ ದನಿ ಎಂದಿಲ್ಲದಷ್ಟು ಚೆನ್ನಾಗಿ ಎದ್ದಿತು. ಹಾಜಿಯವರು ಆಮೀನ್ ಅನ್ನುವುದನ್ನೂ ಮರೆತು ಕೂತರು. ಮಹಡಿಯಲ್ಲಿ ಹೆಂಗಸರು ಊಊಲು ಎಂದು ಮಂಗಳದ ಕೂಗು ಹಾಕಿದರು.

"ನಮ್ಮವನೇ!" ಹಾಜಿಯವರು ಅವನನ್ನು ಅಪ್ಪಿಕೊಂಡರು. "ದೇಶ ಬೇರೆ, ದೇವರು ಒಬ್ಬನೇ. ಇವನಿಗಿಂತ ನಮ್ಮವನು ಯಾರಿದಾನೆ?"

ತಹಾಮಿ ಮತ್ತೆ ಮತ್ತೆ ಎದೆ ಮುಟ್ಟಿಕೊಂಡು ಹೊರಬಿದ್ದವನು ನಿಂತದ್ದು ಚಿಕ್ಕಮ್ಮನ ಮನೆಯಲ್ಲೇ.

"ಯಾರಯ್ಯಾ ನೀನು? ಹೋಟ್ಲು ಮುಂದಿನ ಬೀದೀಲಿದೆ" ಅಂದಳು ಕೆನ್ಜಾ.

"ಚಿಕ್ಕಮ್ಮಾ, ನಾನು!"

ಆಕೆ ಕಿರುಚಿದ್ದನ್ನು ಇಲ್ಲಿ ಬರೆಯುವುದು ಬೇಡ. ಬೈದಳು, ಅತ್ತಳು, ಕೊನೆಗೆ ತೀರಿಕೊಂಡ ಚಿಕ್ಕಪ್ಪನ ಕಂದು ಜೆಲ್ಲಾಬ ಪೆಟ್ಟಿಗೆಯಿಂದ ತೆಗೆದಳು. ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ಹೆಣ್ಣು ಕೇಳಲು ಒಯ್ಯುವ, ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚನ್ನು ಕೈಗಿಟ್ಟು ಹೊರಗೆ ನೂಕಿದಳು. "ಓಡು! ಕಾಲಿಗೆ ಬೀಳು, ಏನಾದ್ರೂ ಮಾಡು. ನನ್ನ ಮಂಡಿನೋವು ಇಲ್ದಿದ್ರೆ ನಾನೇ ಬರ್ತಿದ್ದೆ."

ಹಸಿರು ಬಾಗಿಲು ತೆರೆದವರು ಹಾಜಿಯವರೇ.

"ಯಾರು?"

"ನಾನು, ಚಡಾವಿನ ತಹಾಮಿ. ಕೆನ್ಜಾ ಚಿಕ್ಕಮ್ಮ ಹೇಳಿದ್ದರಲ್ಲ..."

"ಓಹೋ, ಈಗ ಬಂದ್ಯಾ?" ಅವರು ಹೊಸಿಲು ಬಿಟ್ಟು ಸರಿಯಲಿಲ್ಲ. "ಸಂಜೆ ನಮಾಜಿನ ಹೊತ್ತಾಯ್ತು. ಊಟ ಮುಗೀತು."

"ಪರವಾಗಿಲ್ಲ ಹಾಜಿಯವರೇ, ನನ್ನ ಹೊಟ್ಟೆ ತುಂಬಿದೆ."

"ಅಂದ್ರೆ ಬೇರೆ ಮನೇಲಿ ತಿಂದು ಬಂದಿದೀಯ! ನಮ್ಮ ಮನೆಗೆ ಊಟಕ್ಕೆ ಕರೆದ ದಿನ!"

"ಇಲ್ಲ ಇಲ್ಲ, ಇಲ್ಲೇ ತಿಂದಿದ್ದು."

"ಇಲ್ಲಿ ತಿಂದವರು ಒಬ್ಬರೇ. ಅಂಥೋರು ಮತ್ತೆ ಹುಟ್ಟಲ್ಲ."

ಇನ್ನು ಮುಚ್ಚಿಟ್ಟು ಲಾಭವಿಲ್ಲ ಅನ್ನಿಸಿತು ತಹಾಮಿಗೆ. ಹಮ್ಮಾಮಿನಿಂದ ಹಿಡಿದು ಎಲ್ಲ ಒದರಿದ. "ಆ ಟೋಪಿಯವನು ನಾನೇ ಹಾಜಿಯವರೇ. ದೇವರಾಣೆ!"

ಹಾಜಿಯವರ ಗಡ್ಡ ನಡುಗಿತು. "ಸುಳ್ಳಿಗೂ ಒಂದು ಮಿತಿ ಬೇಡ್ವಾ? ಬೀದಿಯವರ ಬಾಯಲ್ಲಿ ಅತಿಥಿ ಸುದ್ದಿ ಕೇಳಿ ಅವರ ಮರ್ಯಾದೆ ಹೊಡ್ಕೊಳ್ಳೋಕೆ ಬಂದಿದೀಯ? ಸರಿ, ಅವರು ಪ್ರಾರ್ಥನೆ ಹೇಳಿದ್ರೆ ಕಲ್ಲು ಕರಗ್ತಿತ್ತು. ನೀನು ಹೇಳು, ಕೇಳೋಣ."

ತಹಾಮಿ ಅಂಗೈ ಎತ್ತಿದ. ಕಂಕುಳಲ್ಲಿ ಸಕ್ಕರೆ ಅಚ್ಚು ಜಾರುತ್ತಿತ್ತು, ಜಾಲರಿಯ ಹಿಂದೆ ಬಳೆಯ ಸದ್ದಾಯಿತು. ಮೊದಲ ಸಾಲು ಹೇಗೋ ಬಂತು. ಎರಡನೆಯದು ಮೂರನೆಯದರೊಳಗೆ ಹೊಕ್ಕಿತು. ಅಟ್ಟವರ ಜಾಗಕ್ಕೆ ಸತ್ತವರು ಬಂದರು, ಸತ್ತವರ ಜಾಗಕ್ಕೆ ಮನೆಯ ಹೆಣ್ಣುಮಕ್ಕಳು.

"ಸಾಕು, ಸಾಕು! ಇದ್ದೋರನ್ನೂ ಸಾಯಿಸಬೇಡ" ಅಂದರು ಹಾಜಿಯವರು.

ಅವನ ಇಳಿಬಿದ್ದ ಹೆಗಲು ಮಂಜುಗಣ್ಣಿಗೂ ಕಂಡಿತೋ ಏನೋ, ಮುದುಕರ ದನಿ ಮೆತ್ತಗಾಯಿತು. "ನೋಡಪ್ಪ, ನೀನು ಕೆಟ್ಟವನಲ್ಲ. ಹೆಣ್ಣು ಕೈತಪ್ಪಿದಾಗ ಯಾರಾದ್ರೂ ಏನಾದ್ರೂ ಹೇಳ್ತಾರೆ. ಆದ್ರೆ ಇಷ್ಟು ವರ್ಷಕ್ಕೆ ಮೊದಲನೇ ಸಲ ನನ್ನ ಮಗಳು ಬಾಯಿಬಿಟ್ಟು, ಇಂಥವರಾದ್ರೆ ಆಗಬಹುದು ಅಂದಿದಾಳೆ. ನಾನು ಮುಠ್ಠಾಳ, ಅವರ ಹೆಸರೂ ಕೇಳಲಿಲ್ಲ, ಎಲ್ಲಿ ಇಳ್ಕೊಂಡಿದಾರೆ ಅಂತಾನೂ ಕೇಳಲಿಲ್ಲ. ನೀನು ಊರಲ್ಲಿ ಹುಟ್ಟಿ ಬೆಳೆದೋನು, ಸಂದಿಗೊಂದಿ ಗೊತ್ತಿರೋನು. ಹೋಟ್ಲು ಹೋಟ್ಲು ತಿರುಗಿ ಅವರನ್ನ ಹುಡುಕಿಕೊಡು. ಆ ಸಕ್ಕರೆ ಇಲ್ಲೇ ಇಟ್ಟು ಹೋಗು, ಅವರ ನಿಶ್ಚಿತಾರ್ಥಕ್ಕೆ ಆಗುತ್ತೆ."

ಬೇಡ ಅಂತ ಹೇಳಲು ತಹಾಮಿ ಬಾಯಿ ತೆರೆದ. ಅಷ್ಟರಲ್ಲಿ ಮಹಡಿಯಿಂದ ಆ ದನಿ ಇಳಿದು ಬಂತು. ಈಗ ಅದರ ತುಂಬ ಕೃತಜ್ಞತೆಯಿತ್ತು.

"ದಯವಿಟ್ಟು ಹುಡುಕಿಕೊಡಿ ಅಣ್ಣಾ. ನಿಮ್ಮ ಉಪಕಾರ ನಾನು ಸಾಯೋ ತನಕ ಮರೆಯಲ್ಲ."